ಹತ್ತು ವರ್ಷದ ಮಗುವೂ ಎರಡು ಗಂಟೆಯ ಪರೀಕ್ಷೆಯೂ

(ಪುಣೆಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸ್ನೇಹಮಿಲನದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ 'ನವೋದಯ ಮತ್ತು ಸೈನಿಕ ಶಾಲಾ ಪ್ರವೇಶ ಪರೀಕ್ಷೆಗಳಲ್ಲಿ ಯಶಸ್ಸಿನ ಮಾರ್ಗ' ಎಂಬುದು. ಆ ಮಾರ್ಗವನ್ನು ತೋರಿಸುವ ಪುಸ್ತಕಗಳು ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ರಾಶಿರಾಶಿಯಾಗಿ ದೊರೆಯುತ್ತವೆ. ಅದಕ್ಕೆ ನನ್ನ ಅಗತ್ಯವಿಲ್ಲ. ಚಳಿಗಾಲದಲ್ಲಿ ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ಕಾಯುತ್ತಿರುವ ಮಕ್ಕಳೂ ಅವರಿಗಿಂತ ಹೆಚ್ಚು ಕಳವಳದಿಂದ ಕಾಯುತ್ತಿರುವ ತಂದೆತಾಯಿಗಳೂ ಈ ಸಭೆಯಲ್ಲಿದ್ದಾರೆ. ಮೂವತ್ತು ವರ್ಷ ಅಂಕಗಣಿತ ಕಲಿಸಿದ ಶಿಕ್ಷಕನಾಗಿ ಅವರೊಡನೆ ಮಾತನಾಡುವುದೇ ಹೆಚ್ಚು ಉಚಿತವೆಂದು ನನಗೆ ತೋರಿತು. ಸಂಘಟಕರು ಕ್ಷಮಿಸಬೇಕು.

ಮೊದಲು ಈ ಪರೀಕ್ಷೆ ಏನೆಂಬುದನ್ನು ಅಳೆದು ನೋಡೋಣ. ಜವಾಹರ ನವೋದಯ ವಿದ್ಯಾಲಯಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲ. ಮೊದಲ ಎರಡು ಶಾಲೆಗಳು ಹರಿಯಾಣದ ಝಜ್ಜರ್‌ನಲ್ಲಿಯೂ ನಮ್ಮ ಮಹಾರಾಷ್ಟ್ರದ ಅಮರಾವತಿಯಲ್ಲಿಯೂ ಆರಂಭವಾದವು. ಆರನೆಯ ತರಗತಿಯ ಪ್ರವೇಶ ಪರೀಕ್ಷೆಯಲ್ಲಿ 80 ಪ್ರಶ್ನೆಗಳು, 100 ಅಂಕಗಳು, ಎರಡು ಗಂಟೆಯ ಅವಧಿ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, ಅಂಕಗಣಿತಕ್ಕೆ 20, ಭಾಷೆಗೆ 20. ಭಾಗಿಸಿ ನೋಡಿದರೆ ಪ್ರಶ್ನೆಯೊಂದಕ್ಕೆ ತೊಂಬತ್ತು ಸೆಕೆಂಡುಗಳು. ಸೈನಿಕ ಶಾಲೆಯ ಆರನೆಯ ತರಗತಿಯ ಪರೀಕ್ಷೆಯಲ್ಲಿ 125 ಪ್ರಶ್ನೆಗಳಿಗೆ 150 ನಿಮಿಷ. ಅಲ್ಲಿ ಪ್ರಶ್ನೆಯೊಂದಕ್ಕೆ ಎಪ್ಪತ್ತೆರಡು ಸೆಕೆಂಡು. 300 ಅಂಕಗಳಲ್ಲಿ ಗಣಿತವೊಂದಕ್ಕೇ 150. ಇಷ್ಟರೊಳಗೆ ಓದಿ, ಯೋಚಿಸಿ, ಓಎಂಆರ್ ಹಾಳೆಯ ಸರಿಯಾದ ವೃತ್ತವನ್ನು ಹುಡುಕಿ ಪೆನ್ನಿನಿಂದ ತುಂಬಬೇಕು. ಹತ್ತು ವರ್ಷದ ಮಗುವಿನ ಬೆರಳುಗಳನ್ನು ನೋಡಿದವರಿಗೆ ಈ ಕೊನೆಯ ಕೆಲಸವೂ ಒಂದು ಪರೀಕ್ಷೆಯೆಂಬುದು ತಿಳಿದಿರುತ್ತದೆ.

ಒಂದು ನವೋದಯ ಶಾಲೆಯಲ್ಲಿ ಆರನೆಯ ತರಗತಿಗೆ ಸೇರುವವರು ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ಕನಿಷ್ಠ ಶೇ. 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಉಳಿದ ಸುಮಾರು 20 ಸ್ಥಾನಗಳಿಗೆ ಇಡೀ ಜಿಲ್ಲೆಯ ನಗರದ ಮಕ್ಕಳೂ ಗ್ರಾಮದ ಮಕ್ಕಳೂ ಒಟ್ಟಿಗೆ ಸ್ಪರ್ಧಿಸುತ್ತಾರೆ. ಪುಣೆಯಂತಹ ಜಿಲ್ಲೆಯಲ್ಲಿ ಇದರ ಅರ್ಥವೇನೆಂಬುದನ್ನು ನೀವೇ ಊಹಿಸಿಕೊಳ್ಳಿ. ಮುಂಬಯಿ ನಗರದಲ್ಲಿರುವ ನಮ್ಮ ಬಂಧುಗಳಿಗೆ ಈ ದಾರಿಯೇ ಇಲ್ಲ. ಚೆನ್ನೈಯಲ್ಲಿರುವವರಿಗೂ ಇಲ್ಲ, ಏಕೆಂದರೆ ಭಾಷಾನೀತಿಯ ವಿವಾದದಿಂದಾಗಿ ತಮಿಳುನಾಡಿನಲ್ಲಿ ಇದುವರೆಗೆ ಒಂದೂ ನವೋದಯ ಶಾಲೆ ತೆರೆದಿಲ್ಲ. ಸೈನಿಕ ಶಾಲೆಗಳಲ್ಲಿ ಶೇ. 67 ಸ್ಥಾನಗಳು ಆಯಾ ರಾಜ್ಯದವರಿಗೆ, ಶೇ. 33 ಹೊರಗಿನವರಿಗೆ. ಇಲ್ಲಿ ನಮ್ಮಂತಹ ವಲಸೆ ಕುಟುಂಬಗಳ ವಿಚಿತ್ರ ಸ್ಥಿತಿ ತೋರುತ್ತದೆ. ಸಾತಾರಾ ಶಾಲೆಯ ಲೆಕ್ಕದಲ್ಲಿ ನಾವು ಮಹಾರಾಷ್ಟ್ರದವರೋ, ವಿಜಯಪುರ ಶಾಲೆಯ ಲೆಕ್ಕದಲ್ಲಿ ಕರ್ನಾಟಕದವರೋ ಎಂಬುದು ಮನೆಯಲ್ಲಿ ಆಡುವ ಮಾತಿನಿಂದ ನಿರ್ಧಾರವಾಗುವುದಿಲ್ಲ, ವಾಸಸ್ಥಳ ಪ್ರಮಾಣಪತ್ರದಿಂದ ನಿರ್ಧಾರವಾಗುತ್ತದೆ. ಅನೇಕರು ಇದನ್ನು ಅರ್ಜಿ ತುಂಬುವ ರಾತ್ರಿ ಅರಿಯುತ್ತಾರೆ.

ಈ ಶಾಲೆಗಳನ್ನು ಬಯಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಊಟ, ವಸತಿ, ಪುಸ್ತಕ, ಒಳ್ಳೆಯ ಅಧ್ಯಾಪಕರು, ಇವೆಲ್ಲವನ್ನೂ ಸರಕಾರವೇ ಕೊಡುವ ಶಾಲೆ ನವೋದಯ. ಬಟ್ಟೆ ಅಂಗಡಿಯ ಲೆಕ್ಕ ಬರೆಯುವವರ ಮಗಳು, ಅಡುಗೆ ಕಂತ್ರಾಟಿನಲ್ಲಿ ದುಡಿಯುವವರ ಮಗ ಅಂತಹ ಶಾಲೆಗೆ ಸೇರಿದರೆ ಒಂದು ಮನೆತನದ ದಿಕ್ಕೇ ಬದಲಾಗುತ್ತದೆ. ಜೈನರೆಂದರೆ ಎಲ್ಲರೂ ಧನಿಕರೆಂಬ ಭ್ರಮೆ ಹೊರಗಿನವರಲ್ಲಿದೆ, ನಮ್ಮೊಳಗೂ ಕೆಲವರಲ್ಲಿದೆ. ಶೇಡಬಾಳ, ಉಗಾರ, ಸದಲಗಾ ಕಡೆಯಿಂದ ಬಂದು ಇಲ್ಲಿ ಬಾಡಿಗೆ ಕೋಣೆಯಲ್ಲಿರುವ ಕುಟುಂಬಗಳನ್ನು ಬಲ್ಲವರು ಹಾಗೆ ಹೇಳಲಾರರು. ಆದುದರಿಂದ ಆಸೆ ನ್ಯಾಯವಾದುದು. ನನ್ನ ಆಕ್ಷೇಪವಿರುವುದು ಆ ಆಸೆಯನ್ನು ಹತ್ತು ವರ್ಷದ ಮಗುವಿನ ಹೆಗಲಿನ ಮೇಲೆ ಹೊರಿಸುವ ರೀತಿಯ ವಿಷಯದಲ್ಲಿ.

ಈ ಆಯ್ಕೆಯ ಪದ್ಧತಿಯನ್ನು ನಾವೇ ಮೊದಲು ಕಂಡುಹಿಡಿದವರಲ್ಲ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯಿದೆಯ ನಂತರ ಹನ್ನೊಂದನೆಯ ವಯಸ್ಸಿಗೆ ಒಂದು ಪರೀಕ್ಷೆ ನಡೆಸಿ, ತೇರ್ಗಡೆಯಾದವರನ್ನು ಗ್ರಾಮರ್ ಶಾಲೆಗಳಿಗೂ ಉಳಿದ ಬಹುಪಾಲು ಮಕ್ಕಳನ್ನು ಸಾಧಾರಣ ಶಾಲೆಗಳಿಗೂ ಕಳುಹಿಸಲಾಗುತ್ತಿತ್ತು. ಎರಡು ದಶಕಗಳ ಬಳಿಕ, 1965ರಲ್ಲಿ, ಅಲ್ಲಿನ ಸರಕಾರವೇ ಸುತ್ತೋಲೆ ಹೊರಡಿಸಿ ಈ ವಿಂಗಡಣೆಯನ್ನು ಕೈಬಿಡುವಂತೆ ಸ್ಥಳೀಯ ಆಡಳಿತಗಳನ್ನು ಕೇಳಿಕೊಂಡಿತು. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್ ಮೊದಲಾದ ಕೆಲವು ಕಡೆ ಮಾತ್ರ ಅದು ಇಂದಿಗೂ ಉಳಿದಿದೆ.

ದಕ್ಷಿಣ ಕೊರಿಯಾದ ಕಥೆ ಇನ್ನೂ ಸ್ವಾರಸ್ಯವಾದುದು. ಅಲ್ಲಿ ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳು ಹೆಸರಾಂತ ಮಾಧ್ಯಮಿಕ ಶಾಲೆಗಳನ್ನು ಸೇರಲು ಘೋರ ಸ್ಪರ್ಧೆಯ ಪರೀಕ್ಷೆ ಬರೆಯಬೇಕಾಗಿತ್ತು. 1964ರ ಡಿಸೆಂಬರಿನಲ್ಲಿ ಸೋಲ್ ನಗರದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು. ಅವರ ಸಾಂಪ್ರದಾಯಿಕ ಮಿಠಾಯಿಯೊಂದನ್ನು ತಯಾರಿಸುವಾಗ ಮೊಳಕೆ ಧಾನ್ಯದ ಪುಡಿಗೆ ಬದಲಾಗಿ ಏನನ್ನು ಬಳಸಬಹುದು ಎಂಬುದು ಆ ಪ್ರಶ್ನೆ. ಪರೀಕ್ಷಕರು ಒಪ್ಪಿದ ಉತ್ತರ ಡಯಾಸ್ಟೇಸ್ ಎಂಬ ಕಿಣ್ವ. ಬಹಳ ಮಕ್ಕಳು ಗುರುತಿಸಿದ್ದು ಮೂಲಂಗಿಯ ರಸ. ಆ ರಸದಲ್ಲಿ ಅದೇ ಕಿಣ್ವವಿದೆಯೆಂದು ಪಠ್ಯಪುಸ್ತಕವೇ ಹೇಳಿತ್ತು. ಒಂದು ಅಂಕದಿಂದ ಸ್ಥಾನ ಕಳೆದುಕೊಂಡ ಮಕ್ಕಳ ತಾಯಂದಿರು ಮೂಲಂಗಿಯ ರಸದಿಂದಲೇ ಆ ಮಿಠಾಯಿಯನ್ನು ಕಾಯಿಸಿ, ಪಾತ್ರೆಸಹಿತ ಶಿಕ್ಷಣ ಕಚೇರಿಯ ಮುಂದೆ ತಂದಿಟ್ಟು ತಿಂದು ನೋಡಿರೆಂದರು. ಮೊಕದ್ದಮೆ ನ್ಯಾಯಾಲಯಕ್ಕೆ ಹೋಗಿ, ಮೂಲಂಗಿಯ ರಸವೂ ಸರಿಯುತ್ತರವೇ ಎಂದು ತೀರ್ಪಾಯಿತು. ಮೂವತ್ತಕ್ಕೂ ಹೆಚ್ಚು ಮಕ್ಕಳಿಗೆ ಪ್ರವೇಶ ದೊರೆಯಿತು. ನಾಲ್ಕು ವರ್ಷಗಳ ಬಳಿಕ, 1968ರಲ್ಲಿ, ಮಾಧ್ಯಮಿಕ ಶಾಲೆಯ ಪ್ರವೇಶ ಪರೀಕ್ಷೆಯನ್ನೇ ರದ್ದುಮಾಡುವುದಾಗಿ ಸರಕಾರ ಪ್ರಕಟಿಸಿತು. ಮರುವರ್ಷದಿಂದ ಸೋಲ್‌ನಲ್ಲಿ ಚೀಟಿ ಎತ್ತಿ ಶಾಲೆ ಹಂಚುವುದು ಆರಂಭವಾಯಿತು. ಕಂದಮೂಲವೆಂದು ನಾವು ಮೂಲಂಗಿಯನ್ನು ವರ್ಜಿಸಿದವರು. ಆದರೂ ಆ ತಾಯಂದಿರ ಮೂಲಂಗಿಗೆ ನಮಸ್ಕರಿಸಬೇಕೆನಿಸುತ್ತದೆ. ಒಂದು ಅಂಕಕ್ಕೆ ಮಗುವಿನ ಭವಿಷ್ಯವನ್ನು ಕಟ್ಟಿಹಾಕುವ ವ್ಯವಸ್ಥೆಯ ಅಸಂಗತತೆಯನ್ನು ಒಂದು ಪಾತ್ರೆ ಮಿಠಾಯಿ ಇಡೀ ದೇಶಕ್ಕೆ ತೋರಿಸಿಕೊಟ್ಟಿತು.

ನಮ್ಮ ನವೋದಯ ಪರೀಕ್ಷೆಯ ಒಂದು ನಿಯಮವನ್ನು ಗಮನಿಸಿ: ಆರನೆಯ ತರಗತಿಯ ಪ್ರವೇಶಕ್ಕೆ ಒಬ್ಬ ವಿದ್ಯಾರ್ಥಿ ಒಮ್ಮೆ ಮಾತ್ರ ಬರೆಯಬಹುದು. ಅಂದು ಮಗುವಿಗೆ ಜ್ವರ ಬಂದಿದ್ದರೆ ಆ ಬಾಗಿಲು ಮುಚ್ಚಿತು. ಈ ಒಂದೇ ಸಲದ ಭಯದಿಂದಲೇ ತರಬೇತಿಯ ವ್ಯಾಪಾರ ಬೆಳೆದಿದೆ. ಬೆಳಗಾವಿ, ವಿಜಯಪುರಗಳ ಕಡೆ ನಾಲ್ಕನೆಯ, ಐದನೆಯ ತರಗತಿಯ ಮಕ್ಕಳನ್ನೇ ವಸತಿ ತರಬೇತಿಗೆ ಬಿಡುವ ರೂಢಿ ನಿಮಗೆ ಗೊತ್ತಿದೆ. ಮಗು ಬೆಳಗಿನ ಜಾವಕ್ಕೆ ಎದ್ದು ಆಕೃತಿಗಳ ಸರಣಿಯನ್ನು ಪೂರ್ಣಗೊಳಿಸುತ್ತಿರುತ್ತದೆ. ಶೀತ, ಉಷ್ಣ, ಕ್ಷುಧೆ ಮೊದಲಾದ ಇಪ್ಪತ್ತೆರಡು ಪರೀಷಹಗಳನ್ನು ಮುನಿಗಳು ಸ್ವಇಚ್ಛೆಯಿಂದ ಸಹಿಸುತ್ತಾರೆ. ಈ ಮಕ್ಕಳ ಇಚ್ಛೆಯನ್ನು ಯಾರು ಕೇಳಿದ್ದಾರೆ?

ಇನ್ನು ಸಭ್ಯರು ಮೆಲುದನಿಯಲ್ಲಿ ಆಡುವ ವಿಷಯವೊಂದನ್ನು ಎತ್ತರದ ದನಿಯಲ್ಲಿ ಹೇಳಬೇಕಾಗಿದೆ. ಗ್ರಾಮೀಣ ಸ್ಥಾನ ಬೇಕಾದರೆ ಮಗು ಮೂರು, ನಾಲ್ಕು ಮತ್ತು ಐದನೆಯ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲಿ ಓದಿರಬೇಕು. ಆ ಅವಧಿಯಲ್ಲಿ ಒಂದು ದಿನ ನಗರದ ಶಾಲೆಯಲ್ಲಿ ಓದಿದರೂ ನಗರದ ಅಭ್ಯರ್ಥಿಯೆಂದೇ ಪರಿಗಣನೆ. ಇದನ್ನು ತಪ್ಪಿಸಲು ಕೆಲವರು ಏನು ಮಾಡುತ್ತಾರೆ? ಮಗುವಿನ ಹೆಸರು ಅಜ್ಜನ ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ, ಮಗು ನಗರದ ತರಬೇತಿ ತರಗತಿಯಲ್ಲಿರುತ್ತದೆ. ಅಜ್ಜನ ಮನೆಯಲ್ಲಿಯೇ ಇದ್ದು ನಿಜವಾಗಿ ಆ ಶಾಲೆಯಲ್ಲಿ ಓದುವ ಮಗುವಿನ ವಿಷಯ ಬೇರೆ. ಅದು ಅದರ ಹಕ್ಕು. ನಾನು ಹೇಳುತ್ತಿರುವುದು ಸುಳ್ಳು ಹಾಜರಿಯ ಬಗ್ಗೆ.

ಸತ್ಯಾಣುವ್ರತದ ಐದು ಅತಿಚಾರಗಳನ್ನು ನಮ್ಮ ಪಾಠಶಾಲೆಯ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಅವುಗಳಲ್ಲೊಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ದಾಖಲೆ ಬರೆಯುವುದು. ಮಾಡಿದವನು, ಮಾಡಿಸಿದವನು, ಅನುಮೋದಿಸಿದವನು ಮೂವರೂ ಹೊಣೆಗಾರರು. ಇಲ್ಲಿ ಮುಖ್ಯೋಪಾಧ್ಯಾಯರು ಮಾಡುತ್ತಾರೆ, ತಂದೆ ಮಾಡಿಸುತ್ತಾರೆ, ಸಮಾಜ ಅನುಮೋದಿಸುತ್ತದೆ. ಆ ಸ್ಥಾನ ಯಾರದ್ದಾಗಬೇಕಾಗಿತ್ತು? ಅದೇ ಊರಿನ ಕಬ್ಬು ಕಡಿಯುವವರ ಮಗಳದ್ದು. ಅವಳು ಆ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಇದ್ದಳು, ತರಗತಿಯಲ್ಲಿಯೂ ಇದ್ದಳು. ಪರರ ವಸ್ತುವನ್ನು ಮುಟ್ಟದ ನಾವು ಪರರ ಸ್ಥಾನವನ್ನು ಮುಟ್ಟುತ್ತೇವೆ. ಇದಕ್ಕಿಂತ ಕ್ರೂರವಾದ ಸಂಗತಿಯೆಂದರೆ, ಯಾರು ಕೇಳಿದರೂ ಊರಿನ ಶಾಲೆಯ ಹೆಸರನ್ನೇ ಹೇಳಬೇಕೆಂದು ಮಗುವಿಗೆ ಕಲಿಸಿಕೊಡುವುದು. ಪರೀಕ್ಷೆಗಿಂತ ಮೊದಲೇ ಆ ಮಗು ಒಂದು ಪಾಠವನ್ನು ಚೆನ್ನಾಗಿ ಕಲಿತಿರುತ್ತದೆ.

ಈಗ ಕಾಯುವ ದಿನಗಳಿಗೆ ಬರುತ್ತೇನೆ. ಪರೀಕ್ಷೆ ಎರಡು ಗಂಟೆಯಲ್ಲಿ ಮುಗಿಯುತ್ತದೆ, ಕಾಯುವಿಕೆ ತಿಂಗಳುಗಟ್ಟಲೆ ನಡೆಯುತ್ತದೆ. ಪರೀಕ್ಷಾ ಕೇಂದ್ರದ ಗೇಟಿನಲ್ಲಿಯೇ ಅದು ಆರಂಭ. ಮಗು ಹೊರಗೆ ಬಂದ ಕೂಡಲೇ ನೀರು ಕೊಡುವ ತಂದೆತಾಯಿಗಳನ್ನು ಕಂಡಿದ್ದೇನೆ, ಪ್ರಶ್ನೆಪತ್ರಿಕೆ ಕಸಿದುಕೊಳ್ಳುವವರನ್ನು ಅದಕ್ಕಿಂತ ಹೆಚ್ಚಾಗಿ ಕಂಡಿದ್ದೇನೆ. ರಿಕ್ಷಾದಲ್ಲಿ ಕುಳಿತು ಮನೆ ಸೇರುವುದರೊಳಗೆ ಎಂಬತ್ತು ಪ್ರಶ್ನೆಗಳ ವಿಚಾರಣೆ ಮುಗಿದಿರುತ್ತದೆ. ಸಂಜೆಗೆ ವಾಟ್ಸಾಪ್ ಗುಂಪಿನಲ್ಲಿ ಮೂರು ಬೇರೆಬೇರೆ ಉತ್ತರಪಟ್ಟಿಗಳು ಬರುತ್ತವೆ. ಮರುದಿನದಿಂದ ಯೂಟ್ಯೂಬ್ ಪಂಡಿತರು ಈ ಸಲದ ಕಟ್‌ಆಫ್ ಎಷ್ಟೆಂದು ಭವಿಷ್ಯ ನುಡಿಯುತ್ತಾರೆ; ಅವರಾರಿಗೂ ಅದು ತಿಳಿದಿರುವುದಿಲ್ಲ, ಏಕೆಂದರೆ ಜಿಲ್ಲೆ, ವರ್ಗ, ಗ್ರಾಮ, ನಗರ ಇವೆಲ್ಲವುಗಳ ಮೇಲೆ ಅದು ಬದಲಾಗುತ್ತದೆ. ಆದರೂ ತಂದೆ ಕೇಳುತ್ತಲೇ ಇರುತ್ತಾರೆ, ಪಕ್ಕದಲ್ಲಿ ಮಗು ಮಲಗಿದಂತೆ ನಟಿಸುತ್ತ ಕೇಳಿಸಿಕೊಳ್ಳುತ್ತಿರುತ್ತದೆ.

ತಾಯಂದಿರಲ್ಲಿ ಹಲವರು ಹೊಂಬುಜದ ಪದ್ಮಾವತಿ ಅಮ್ಮನವರಿಗೆ ಹರಕೆ ಹೊತ್ತಿರುತ್ತಾರೆ. ಅವರ ಭಕ್ತಿಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ತುಂಬಿದ ವೃತ್ತವನ್ನು ಯಾವ ಹರಕೆಯೂ ಬೇರೆಡೆಗೆ ಸರಿಸಲಾರದು. ಕರ್ಮಸಿದ್ಧಾಂತವನ್ನು ಒಪ್ಪಿದ ಮನೆಯಲ್ಲಿ ಈ ಮಾತು ಅಪಚಾರವಾಗಬಾರದು. ಅದಕ್ಕಿಂತಲೂ, 'ನಿನಗಾಗಿ ಉಪವಾಸ ಮಾಡುತ್ತಿದ್ದೇನೆ' ಎಂದು ತಾಯಿ ಹೇಳಿದಾಗ ಮಗುವಿನ ಕಿವಿಗೆ ಬೀಳುವುದು ಪ್ರೀತಿಯಲ್ಲ, ಸಾಲ. ಸ್ಥಾನ ದೊರೆಯದಿದ್ದರೆ ಆ ಸಾಲವನ್ನು ಹೇಗೆ ತೀರಿಸಬೇಕೆಂದು ಅದು ಯೋಚಿಸತೊಡಗುತ್ತದೆ.

ಇನ್ನೊಂದು ಎಚ್ಚರಿಕೆ. ಈ ಕಾಯುವ ವಾರಗಳಲ್ಲಿಯೇ ದೂರವಾಣಿ ಕರೆಗಳು ಬರುತ್ತವೆ: 'ನಿಮ್ಮ ಮಗ ವೇಟಿಂಗ್ ಲಿಸ್ಟ್‌ನಲ್ಲಿದ್ದಾನೆ, ಇಷ್ಟು ಕಳುಹಿಸಿದರೆ ಮೇಲಕ್ಕೆ ತರಿಸುತ್ತೇವೆ.' ಫಲಿತಾಂಶ ದೊರೆಯುವುದು ಅಧಿಕೃತ ಜಾಲತಾಣದಲ್ಲಿ. ಹಣ ಕೇಳಿದವನು ಯಾರೇ ಆಗಿರಲಿ, ನಮ್ಮ ಸಮಾಜದವನೆಂದೇ ಹೇಳಿಕೊಳ್ಳಲಿ, ವಂಚಕನೇ.

ಸೈನಿಕ ಶಾಲೆಯ ವಿಷಯದಲ್ಲಿ ನಮ್ಮ ಮನೆಗಳಿಗೆ ಮತ್ತೊಂದು ಪ್ರಶ್ನೆಯಿದೆ. ಅದು ಊಟದ್ದು. ವಸತಿ ಶಾಲೆಯ ದಿನಚರಿಯಲ್ಲಿ ಸಂಜೆ ಆಟ, ಬಳಿಕ ಅಧ್ಯಯನ, ಅನಂತರ ಊಟ. ಅದು ಸೂರ್ಯಾಸ್ತದ ನಂತರವೇ. ಆಲೂಗಡ್ಡೆ, ಈರುಳ್ಳಿಗಳಿಲ್ಲದ ಪ್ರತ್ಯೇಕ ಅಡುಗೆಯನ್ನು ನಾಲ್ಕೈದು ನೂರು ಮಕ್ಕಳ ಭೋಜನಶಾಲೆಯಲ್ಲಿ ನಿರೀಕ್ಷಿಸುವುದು ಕಷ್ಟ. ಕೆಲವು ಮನೆಗಳಲ್ಲಿ ಎರಡು ವರ್ಷ ತರಬೇತಿ ಕೊಡಿಸಿ, ಮಗು ಆಯ್ಕೆಯಾಗಿ, ವೈದ್ಯಕೀಯ ಪರೀಕ್ಷೆಯೂ ಮುಗಿದ ಮೇಲೆ ಅಜ್ಜಿ 'ರಾತ್ರಿಭೋಜನ ಮಾಡುವಲ್ಲಿಗೆ ಮೊಮ್ಮಗನನ್ನು ಕಳುಹಿಸುವುದಿಲ್ಲ' ಎಂದು ಹಟ ಹಿಡಿದದ್ದುಂಟು. ಅಜ್ಜಿಯದು ತಪ್ಪೆನ್ನಲಾರೆ. ಆದರೆ ಆ ಮಾತು ಅರ್ಜಿ ತುಂಬುವ ಮೊದಲೇ ನಡೆಯಬೇಕಾಗಿತ್ತು. ನಿಯಮವನ್ನು ಸಡಿಲಿಸುವುದೋ ಶಾಲೆಯನ್ನು ಬಿಡುವುದೋ ಎಂಬುದು ಆಯಾ ಮನೆಯ ನಿರ್ಣಯ. ಮಗುವಿಗೂ ಅದರಲ್ಲಿ ಒಂದು ಮಾತಿರಲಿ. 2021-22ರಿಂದ ಹೆಣ್ಣುಮಕ್ಕಳಿಗೂ ಎಲ್ಲ ಸೈನಿಕ ಶಾಲೆಗಳ ಬಾಗಿಲು ತೆರೆದಿದೆ. ಈ ಚರ್ಚೆಯಲ್ಲಿ 'ಹುಡುಗಿಗೇಕೆ' ಎಂಬ ಹಳೆಯ ರಾಗವನ್ನು ಯಾರೂ ತೆಗೆಯಬಾರದೆಂದು ಕೇಳಿಕೊಳ್ಳುತ್ತೇನೆ.

ರಾಜಕೀಯ ಬೇಡವೆಂದು ಅಧ್ಯಕ್ಷರು ಮೊದಲೇ ಸೂಚಿಸಿದ್ದಾರೆ. ಸ್ವಲ್ಪ ಮಾತ್ರ ಆಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೆಯ ಕಲಮು, ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಜಾಲಿಸಿ ನೋಡಬಾರದೆಂದು ಹೇಳುತ್ತದೆ. ಈ ತತ್ತ್ವವನ್ನು ಸಾರಿದ ಸರಕಾರವೇ ತನ್ನ ಅತ್ಯುತ್ತಮ ಶಾಲೆಗಳಿಗೆ ಜರಡಿ ಹಿಡಿದು ಕುಳಿತಿದೆ. ಜಿಲ್ಲೆಗೊಂದು ಒಳ್ಳೆಯ ಶಾಲೆ ಕಟ್ಟಿ, ಎಂಬತ್ತು ಮಕ್ಕಳನ್ನು ಆರಿಸಿ, ಉಳಿದ ಸಾವಿರಾರು ಮಕ್ಕಳ ಶಾಲೆಯಲ್ಲಿ ಶಿಕ್ಷಕರ ಹುದ್ದೆಗಳನ್ನು ಖಾಲಿ ಬಿಟ್ಟರೆ ಅದು ಶಿಕ್ಷಣ ನೀತಿಯಾಗದು. ಪ್ರತಿ ತಾಲ್ಲೂಕಿನ ಸರಕಾರಿ ಶಾಲೆ ನವೋದಯದ ಅರ್ಧದಷ್ಟು ಒಳ್ಳೆಯದಾಗಿದ್ದರೂ ಈ ತರಬೇತಿ ಅಂಗಡಿಗಳಿಗೆ ಬೀಗ ಬೀಳುತ್ತಿತ್ತು. 2021ರಲ್ಲಿ ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ ನೂರು ಹೊಸ ಸೈನಿಕ ಶಾಲೆಗಳಿಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಸ್ಥಾನಗಳು ಹೆಚ್ಚಿದ್ದು ನಿಜ. ಶುಲ್ಕದ ವಿಷಯ ಬೇರೆ. ಹೆಸರಿನ ಮುಂದೆ 'ಸೈನಿಕ' ಎಂದಿರುವುದನ್ನಷ್ಟೇ ನೋಡದೆ ಶುಲ್ಕದ ಪಟ್ಟಿಯನ್ನು ಓದಿ ಅರ್ಜಿ ಹಾಕಿರಿ.

ಸರಕಾರವನ್ನು ಬೈಯುವುದು ಸುಲಭ. ನಮ್ಮ ಮನೆಯ ಕಡೆ ನೋಡುವುದು ಕಷ್ಟ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆಯಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯ ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿತು. ಈ ಎರಡನ್ನೂ ಕೂಡಿಸಿ ನಮ್ಮ ಕೆಲವು ಸಂಸ್ಥೆಗಳು ಕಂಡುಕೊಂಡ ಲಾಭವೇನು? ಬಡ ಮಕ್ಕಳ ಶೇ. 25 ಸ್ಥಾನಗಳಿಂದ ಬಿಡುಗಡೆ, ಮೂರು ವರ್ಷದ ಮಗುವಿನ ತಂದೆತಾಯಿಗಳಿಗೆ ಸಂದರ್ಶನ. ಆ ಸಂದರ್ಶನದಲ್ಲಿ ತಿರಸ್ಕೃತರಾದವರಲ್ಲಿ ಜೈನ ಕುಟುಂಬಗಳೂ ಇವೆ. ಅಲ್ಪಸಂಖ್ಯಾತರ ಹಕ್ಕು ಇರುವುದು ಹೆಚ್ಚಿನ ಮಕ್ಕಳನ್ನು ಒಳಗೆ ಕರೆಯಲೆಂದು ನಾನು ತಿಳಿದಿದ್ದೆ.

ಈ ಊರಿನಿಂದ ದೂರವಲ್ಲದ ಕುಂಭೋಜದಲ್ಲಿ 1887ರಲ್ಲಿ ಒಂದು ಜೈನ ಮನೆತನದಲ್ಲಿ ಭಾವೂರಾವ್ ಪಾಟೀಲರು ಹುಟ್ಟಿದರು. ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದವರು. ಪದವಿ ಪಡೆದವರಲ್ಲ; ಇಂದಿನ ಯಾವ ಪ್ರವೇಶ ಪರೀಕ್ಷೆಯ ಪಟ್ಟಿಯಲ್ಲಿಯೂ ಅವರ ಹೆಸರು ಮೇಲೆ ಬರುತ್ತಿತ್ತೆಂದು ಹೇಳಲಾಗದು. 1919ರಲ್ಲಿ ಸಾತಾರಾ ಜಿಲ್ಲೆಯ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಎಲ್ಲ ಜಾತಿಯ ಬಡಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡು, ದುಡಿದು ಓದುವ ವಸತಿಗೃಹಗಳನ್ನು ಕಟ್ಟಿದರು. ಯಾರು ಬುದ್ಧಿವಂತರೆಂದು ಆರಿಸಿ ಅವರು ಮಕ್ಕಳನ್ನು ಕರೆತರಲಿಲ್ಲ. ಯಾರಿಗೆ ಶಾಲೆಯಿಲ್ಲವೆಂದು ನೋಡಿ ಕರೆತಂದರು. 1959ರಲ್ಲಿ ಪುಣೆ ವಿಶ್ವವಿದ್ಯಾಲಯ ಅವರಿಗೆ ಗೌರವ ಡಿ.ಲಿಟ್. ನೀಡಿತು. ನಮ್ಮ ಪ್ರತಿಭಾ ಪುರಸ್ಕಾರದ ವೇದಿಕೆಯ ಮೇಲೆ ಅವರ ಭಾವಚಿತ್ರವನ್ನು ಇಡುತ್ತೇವೆ, ಅದರ ಮುಂದೆ ಆಯ್ಕೆಯಾದ ಒಂದಿಬ್ಬರಿಗೆ ಶಾಲು ಹೊದಿಸುತ್ತೇವೆ. ಬರೆದು ಆಯ್ಕೆಯಾಗದ ಮಕ್ಕಳು ಅದೇ ಸಭೆಯಲ್ಲಿ ಕುಳಿತು ಚಪ್ಪಾಳೆ ತಟ್ಟಬೇಕು. ಈ ವರ್ಷ ಆ ಕಾರ್ಯಕ್ರಮವನ್ನು ನಿಲ್ಲಿಸಿ, ಅದರ ಹಣದಿಂದ ನಮ್ಮ ಸಭಾಭವನದ ಮೇಲಿನ ಕೋಣೆಯನ್ನು ಸಂಜೆಯ ಅಭ್ಯಾಸಕ್ಕೆ ತೆರೆಯಬೇಕೆಂಬ ಸೂಚನೆಯನ್ನು ಕಾರ್ಯಕಾರಿಣಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಗಣಿತ ಕಲಿಸಲು ನಾನು ವಾರಕ್ಕೆ ಮೂರು ದಿನ ಬರುತ್ತೇನೆ. ಯಾವ ಪರೀಕ್ಷೆಯೂ ಇಲ್ಲ, ಬಂದವರೆಲ್ಲ ಸೇರಬಹುದು. ಜೈನರೇ ಆಗಿರಬೇಕೆಂದೂ ಇಲ್ಲ.

ಕೊನೆಗೆ, ಭಾಷಣಕ್ಕೆ ಮೊದಲು ಇಬ್ಬರು ತಾಯಂದಿರು ಕೇಳಿದ ಪ್ರಶ್ನೆಗೆ ಉತ್ತರ. ಆರನೆಯ ತರಗತಿಗೆ ಆಯ್ಕೆಯಾಗದಿದ್ದರೆ ಎಲ್ಲವೂ ಮುಗಿಯಿತೇ ಎಂದು ಅವರು ಕೇಳಿದರು. ಮುಗಿಯಲಿಲ್ಲ. ನವೋದಯದಲ್ಲಿ ಖಾಲಿಯುಳಿದ ಸ್ಥಾನಗಳಿಗೆ ಒಂಬತ್ತನೆಯ ಮತ್ತು ಹನ್ನೊಂದನೆಯ ತರಗತಿಗಳಲ್ಲಿ ಪ್ರವೇಶವಿದೆ. ಸೈನಿಕ ಶಾಲೆಗೂ ಒಂಬತ್ತನೆಯ ತರಗತಿಗೆ ಪರೀಕ್ಷೆಯಿದೆ. ಆದರೆ ಆರನೆಯ ತರಗತಿಯ ಪತ್ರಿಕೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದ್ದರೆ, ಒಂಬತ್ತನೆಯದು ಇಂಗ್ಲಿಷಿನಲ್ಲಿ ಮಾತ್ರ. ವಯಸ್ಸು 13ರಿಂದ 15ರೊಳಗಿರಬೇಕು. ಜನನ ಪ್ರಮಾಣಪತ್ರದಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ಹೆಸರಿನ ಅಕ್ಷರಗಳು ಒಂದೇ ಆಗಿವೆಯೇ ಎಂದು ಈಗಲೇ ನೋಡಿಕೊಳ್ಳಿರಿ. ನಮ್ಮ ಕನ್ನಡ ಹೆಸರುಗಳನ್ನು ಇಲ್ಲಿನ ಗುಮಾಸ್ತರು ಮರಾಠಿಯಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಇನ್ನೊಂದು ಬಗೆ ಬರೆದಿರುತ್ತಾರೆ. ಅದನ್ನು ತಿದ್ದಿಸಲು ತಿಂಗಳುಗಳು ಬೇಕು. ಆ ಕಾಗದಗಳನ್ನು ತಂದವರಿದ್ದರೆ, ಊಟದ ನಂತರ ನಾನು ಕೆಳಗಿನ ಕೋಣೆಯಲ್ಲಿರುತ್ತೇನೆ.